ಆಸನದ ಬೆಲೆ

ಪರದೇಶದ ಬೀದಿಗಳಲ್ಲಿ ಅಲೆದು, ಓದಲು ಬಾರದ ಲಿಪಿಯ ಫಲಕಗಳನ್ನು ನೋಡಿ ನೋಡಿ ಕಣ್ಣು ದಣಿದು, ದಾರಿ ಕೇಳುವುದಕ್ಕೂ ಭಾಷೆಯಿಲ್ಲದೆ ಸಂಕೋಚಪಡುತ್ತಿರುವ ಪ್ರವಾಸಿಯ ಎದುರಿಗೆ, ಸ್ವಂತ ಊರಿನಲ್ಲಿ ಎಷ್ಟೋ ಸಲ ಕಂಡಿದ್ದ ಕಾಫಿ ಅಂಗಡಿಯ ಹಸಿರು ಲಾಂಛನವು ಥಟ್ಟನೆ ಕಾಣಿಸಿಕೊಂಡರೆ, ಅವನ ಕಾಲು ತಾನಾಗಿಯೇ ಆ ಕಡೆಗೆ ತಿರುಗುವುದು ಸಹಜ. ಇದನ್ನು ಒಂದು ಬಗೆಯ ದೌರ್ಬಲ್ಯವೆಂದು ಭಾವಿಸುವವರುಂಟು. ಸಾವಿರಾರು ಮೈಲಿ ಹಾದು ಬಂದು, ಎಲ್ಲೆಡೆಯೂ ದೊರೆಯುವುದನ್ನೇ ಕೊಂಡು ಕುಡಿಯುವುದಾದರೆ ಊರು ಬಿಟ್ಟು ಹೊರಟ ಪ್ರಯೋಜನವಾದರೂ ಏನು, ಆ ಹೊತ್ತನ್ನು ಆ ನಾಡಿನದೇ ಆದ ಒಂದು ಮನೆಯಲ್ಲಿ ಕಳೆಯಬಾರದಿತ್ತೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಜಪಾನಿನ ಮಟ್ಟಿಗೆ ಹೇಳುವುದಾದರೆ, ಕಾಫಿ ಮನೆಯೆಂಬುದು ಅಲ್ಲಿಯ ಮಣ್ಣಿನಲ್ಲಿ ಹುಟ್ಟಿದ್ದೇ ಅಲ್ಲ; ಕಡಲಾಚೆಯಿಂದ ಬಂದು, ಒಮ್ಮೆ ಸೋತು, ಮರಳಿ ಬಂದು, ಭೂಕಂಪ ಯುದ್ಧಗಳನ್ನು ದಾಟಿ ಅಲ್ಲಿ ಬೇರೂರಿದ ಸಂಸ್ಥೆ ಅದು. ಆ ಪೂರ್ವಕಥೆಯನ್ನು ತಿಳಿದು ಒಳಹೊಕ್ಕವನಿಗೆ ಆ ಪರಿಚಿತ ಅಂಗಡಿಯೂ ಪರಿಚಿತವಾಗಿ ಉಳಿಯುವುದಿಲ್ಲ.

ಟೋಕಿಯೋ ನಗರದ ಗಿನ್ಜಾ ಪ್ರದೇಶದ 3ನೆಯ ವಿಭಾಗದಲ್ಲಿ, ಮತ್ಸುಯಾ ಎಂಬ ದೊಡ್ಡ ಮಳಿಗೆಯ ಹೆಸರನ್ನೇ ಹೊತ್ತಿರುವ ಬೀದಿಯೊಂದುಂಟು. ಅಮೆರಿಕದ ಸಿಯಾಟಲ್ ನಗರದ ಸ್ಟಾರ್‌ಬಕ್ಸ್ ಸಂಸ್ಥೆಯು ಉತ್ತರ ಅಮೆರಿಕದ ಹೊರಗೆ ತನ್ನ ಮೊಟ್ಟಮೊದಲ ಅಂಗಡಿಯನ್ನು ತೆರೆದದ್ದು ಇದೇ ಬೀದಿಯಲ್ಲಿ, 1996ರ ಆಗಸ್ಟ್ 2ರಂದು. ನಾನು ಅಲ್ಲಿಗೆ ಹೋದದ್ದು ಮಧ್ಯಾಹ್ನ ಇಳಿಯುವ ಹೊತ್ತಿಗೆ. ಕಾಫಿಯ ರುಚಿಯು ಬೆಂಗಳೂರಿನ ಅದೇ ಹೆಸರಿನ ಅಂಗಡಿಯ ರುಚಿಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ. ಬೇರೆಯಾಗಿದ್ದದ್ದು ಅಲ್ಲಿ ಕುಳಿತವರ ರೀತಿ. ಕಿಟಕಿಯ ಪಕ್ಕದಲ್ಲಿ ಕರಿಯ ಕೋಟು ತೊಟ್ಟ ನಡುವಯಸ್ಸಿನವರೊಬ್ಬರು ಕಛೇರಿಯ ಚೀಲವನ್ನು ಎದೆಗವಚಿಕೊಂಡು, ನೆಟ್ಟಗೆ ಕುಳಿತಂತೆಯೇ ನಿದ್ರಿಸುತ್ತಿದ್ದರು. ಅವರಾಚೆಗೆ ವಿದ್ಯಾರ್ಥಿನಿಯೊಬ್ಬಳು ಪುಸ್ತಕದ ಸಾಲುಗಳ ಮೇಲೆ ಕೆಂಪುಬಣ್ಣದ ಪಾರದರ್ಶಕ ಹಾಳೆಯೊಂದನ್ನು ಇಟ್ಟು, ಅದರಡಿಯಲ್ಲಿ ಮರೆಯಾದ ಉತ್ತರಗಳನ್ನು ತುಟಿಯಲ್ಲೇ ಹೇಳಿಕೊಂಡು, ಹಾಳೆ ಸರಿಸಿ ಸರಿಯೇ ತಪ್ಪೇ ಎಂದು ನೋಡಿಕೊಳ್ಳುತ್ತಿದ್ದಳು. ಇಬ್ಬರ ಲೋಟಗಳೂ ಬರಿದಾಗಿ ಬಹಳ ಹೊತ್ತಾಗಿತ್ತು. ಯಾರೂ ಬಂದು ಅವನ್ನು ಎತ್ತಲಿಲ್ಲ, ಇನ್ನೇನು ಬೇಕೆಂದು ವಿಚಾರಿಸಲಿಲ್ಲ. ನಮ್ಮ ದರ್ಶಿನಿಗಳಲ್ಲಿ ನಿಂತೇ ಕುಡಿದು, ಹಿಂದಿನವರಿಗೆ ಜಾಗ ಬಿಟ್ಟು ಹೊರಡುವುದು ರೂಢಿಯಾಗಿರುವ ನನಗೆ, ಅಂಗೈಯಗಲದ ನೆಲಕ್ಕೂ ಅಪಾರ ಬೆಲೆಯಿರುವ ಗಿನ್ಜಾದಲ್ಲಿ ಇಂಥ ಔದಾರ್ಯ ಹೇಗೆ ಸಾಧ್ಯವಾಯಿತೆಂಬ ಆಶ್ಚರ್ಯವುಂಟಾಯಿತು. ಇವರು ಹಣ ತೆತ್ತದ್ದು ಕಾಫಿಗೋ ಕುರ್ಚಿಗೋ? ಜಪಾನಿನ ಕಾಫಿ ಮನೆಗಳ ಕಥೆಯೆಲ್ಲವೂ ಈ ಒಂದು ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳ ಕಥೆಯೆಂದೇ ನಾನು ತಿಳಿದಿದ್ದೇನೆ.

ಕಾಫಿ ಆ ದೇಶವನ್ನು ಮೊದಲು ಮುಟ್ಟಿದ್ದು ನಾಗಸಾಕಿ ಬಂದರಿನ ದೆಜಿಮಾ ಎಂಬ ಕೃತಕ ಕಿರುದ್ವೀಪದಲ್ಲಿ. ಜಪಾನು ಪರದೇಶೀಯರಿಗೆ ತನ್ನ ಬಾಗಿಲನ್ನು ಮುಚ್ಚಿಕೊಂಡಿದ್ದ ಇನ್ನೂರಕ್ಕೂ ಮಿಕ್ಕ ವರ್ಷಗಳಲ್ಲಿ, ಐರೋಪ್ಯರ ಪೈಕಿ ಡಚ್ಚರಿಗೆ ಮಾತ್ರ, ಅದೂ ಆ ತುಂಡು ನೆಲದ ಮೇಲೆ ಮಾತ್ರ, ವ್ಯಾಪಾರ ಮಾಡಿಕೊಂಡಿರಲು ಅನುಮತಿಯಿತ್ತು. ಡಚ್ಚರ ಕಾಫಿ ಜಾವಾ ದ್ವೀಪದ್ದು. ಜಾವಾದ ತೋಟಗಳಿಗೆ ಮೊದಲ ಸಸಿಗಳು ಹೋದದ್ದು 1690ರ ದಶಕದಲ್ಲಿ ನಮ್ಮ ಪಡುವಣ ಕರಾವಳಿಯ ತೆಂಕಣ ಭಾಗವಾದ ಮಲಬಾರಿನಿಂದ. ಮಲಬಾರಿನ ಗಿಡಗಳ ಮೂಲವನ್ನು ಹುಡುಕುತ್ತ ಹೋದರೆ ನಮ್ಮ ಜನ ಬಾಬಾಬುಡನ್ ಗಿರಿಯ ಕಡೆಗೆ ಕೈ ತೋರಿಸುತ್ತಾರೆ. ಗಿರಿಯ ಕಥೆ ಐತಿಹ್ಯವಿರಬಹುದು, ಆದರೆ ಮಲಬಾರಿನಿಂದ ಜಾವಾಕ್ಕೆ ಹೋದ ಸಸಿಗಳ ವಿಷಯ ದಾಖಲೆಯಲ್ಲಿರುವ ಸಂಗತಿ. ಅಂತೂ ದೆಜಿಮಾದಲ್ಲಿ ಆ ಪೇಯವನ್ನು ರುಚಿ ನೋಡಿದ ಜಪಾನೀಯರಿಗೆ ಅದು ಹಿಡಿಸಲಿಲ್ಲ. 1804ರಲ್ಲಿ ಸರ್ಕಾರಿ ಕಾರ್ಯನಿಮಿತ್ತ ನಾಗಸಾಕಿಯಲ್ಲಿದ್ದ ಪ್ರಸಿದ್ಧ ವಿನೋದಕವಿ ಓತಾ ನಾಂಪೋ, ಕೆಂಪು ಕೂದಲಿನವರ ಹಡಗಿನಲ್ಲಿ ತನಗೆ ಕೊಟ್ಟ ಕಾಫಿಯು ಸೀದ ವಾಸನೆಯಿಂದ ಕೂಡಿದ್ದು ಬಾಯಿಗಿಡಲಾರದಂತಿತ್ತೆಂದು ಬರೆದಿಟ್ಟಿದ್ದಾನೆ. ಹಸಿರು ಚಹದ ತಿಳಿಯಾದ ಸೌಮ್ಯ ಪರಿಮಳದಲ್ಲಿ ಬೆಳೆದ ನಾಲಗೆ ಹಾಗೆ ಹೇಳಿದ್ದರಲ್ಲಿ ಅತಿಶಯೋಕ್ತಿಯೇನೂ ಇರಲಾರದು.

ಬಾಗಿಲು ತೆರೆದು, ಮೆಯ್‌ಜಿ ಚಕ್ರವರ್ತಿಯ ಆಳ್ವಿಕೆ ಆರಂಭವಾದ ಮೇಲೆ ಪಾಶ್ಚಾತ್ಯ ಉಡುಪು, ಪಾಶ್ಚಾತ್ಯ ನೃತ್ಯ, ಪಾಶ್ಚಾತ್ಯ ಭೋಜನ ಎಲ್ಲವೂ ನುಗ್ಗಿಬಂದುವು. 1883ರಲ್ಲಿ ಸರ್ಕಾರವು ರೊಕುಮೇಯ್‌ಕಾನ್ ಎಂಬ ವೈಭವದ ಭವನವನ್ನು ಟೋಕಿಯೋದಲ್ಲಿ ಕಟ್ಟಿಸಿತು. ಮಂತ್ರಿಗಳೂ ಅವರ ಪತ್ನಿಯರೂ ಅಲ್ಲಿ ಪರದೇಶದ ರಾಯಭಾರಿಗಳೊಡನೆ ನರ್ತಿಸಿ, ತಾವೂ ನಾಗರಿಕರೆಂದು ಲೋಕಕ್ಕೆ ತೋರಿಸಿಕೊಳ್ಳಬೇಕೆಂಬುದು ಅದರ ಉದ್ದೇಶ. ಈ ಬಗೆಯ ನಾಗರಿಕತೆಯು ಮೇಲಿನ ನಾಲ್ಕು ಜನರ ಆಡಂಬರವೆಂದು ಬಗೆದು, ಸಾಮಾನ್ಯ ಮನುಷ್ಯನೂ ಯುವಕನೂ ಬಂದು ಕುಳಿತು, ಓದಿ, ಮಾತನಾಡಿ, ಲೋಕಜ್ಞಾನವನ್ನು ಪಡೆಯತಕ್ಕ ಒಂದು ಸ್ಥಳ ಬೇಕೆಂದು ಹಂಬಲಿಸಿದವನು ತೇಯ್ ಏಯ್‌ಕೇಯ್. ಈತನ ವಂಶ ನಾಗಸಾಕಿಯಲ್ಲಿ ನೆಲಸಿ ದುಭಾಷಿಗಳಾಗಿದ್ದ ಚೀನೀ ಮೂಲದ ಮನೆತನ. ಸಾಕುತಂದೆ ವಿದೇಶಾಂಗ ಇಲಾಖೆಯ ಅಧಿಕಾರಿ. ತಾನು ಹದಿಹರೆಯದಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಓದಲು ಹೋಗಿ, ಪದವಿ ಮುಗಿಸದೆ ಮರಳಿದವನು. ಪಶ್ಚಿಮದ ಕಾಫಿ ಮನೆಗಳಲ್ಲಿ ಜನ ಕೂಡಿ ಕುಳಿತು ಪತ್ರಿಕೆ ಓದುವುದನ್ನೂ ವಾದಿಸುವುದನ್ನೂ ಕಣ್ಣಾರೆ ಕಂಡು ಬಂದಿದ್ದ ಆತ, 1888ರ ಏಪ್ರಿಲ್ 13ರಂದು ಉಯೆನೋ ಪ್ರದೇಶದ ಕುರೊಮೊನ್-ಚೋದಲ್ಲಿ, ಪಾಶ್ಚಾತ್ಯ ಮಾದರಿಯ ಎರಡಂತಸ್ತಿನ ಕಟ್ಟಡದಲ್ಲಿ, ಕಹೀ-ಚಾಕಾನ್ ಎಂಬ ಕಾಫಿ ಮನೆಯನ್ನು ಆರಂಭಿಸಿದನು. ಜಪಾನಿನಲ್ಲಿ ಇಂದಿಗೂ ಏಪ್ರಿಲ್ 13ನ್ನು ಕಾಫಿ ಮನೆಗಳ ದಿನವೆಂದು ನೆನೆಯುವುದು ಇದರಿಂದ.

ಆ ಮನೆಯೊಳಗೆ ಏನೇನಿತ್ತೆಂಬುದನ್ನು ಕೇಳಿದರೆ ಅದನ್ನು ಕಟ್ಟಿದವನ ಮನಸ್ಸು ತಿಳಿಯುತ್ತದೆ. ಬಿಲಿಯರ್ಡ್ಸ್ ಮೇಜು, ಇಸ್ಪೀಟು, ಗೋ ಆಟದ ಹಲಗೆ, ಸ್ವದೇಶದ ಮತ್ತು ಪರದೇಶದ ವೃತ್ತಪತ್ರಿಕೆಗಳು, ಪುಸ್ತಕಗಳು, ಪತ್ರ ಬರೆಯುವವರಿಗೆಂದು ಮೇಜು, ಕಾಗದ, ಲೇಖನಿ, ದಣಿದು ಬಂದವರಿಗೆ ಸ್ನಾನದ ಕೋಣೆ ಕೂಡ. ಇಷ್ಟಕ್ಕೂ ಸೇರಿ ಆತ ಪಡೆಯುತ್ತಿದ್ದದ್ದು ಒಂದು ಬಟ್ಟಲು ಕಾಫಿಯ ಬೆಲೆಯಾದ ಒಂದು ಸೆನ್ ಐದು ರಿನ್. ಹಾಲು ಬೆರೆಸಿದ್ದಾದರೆ ಎರಡು ಸೆನ್. ಬೀದಿಯ ಅಂಗಡಿಯಲ್ಲಿ ಒಂದು ಬೋಗುಣಿ ಸೋಬಾ ಶ್ಯಾವಿಗೆ ಒಂದು ಸೆನ್ನಿನೊಳಗೆ ಸಿಕ್ಕುತ್ತಿದ್ದ ಕಾಲದಲ್ಲಿ, ಹೊಟ್ಟೆ ತುಂಬದ ಕಹಿ ನೀರಿಗೆ ಅದಕ್ಕಿಂತ ಹೆಚ್ಚು ತೆರುವುದು ಸಾಮಾನ್ಯನಿಗೆ ದುಬಾರಿಯೆನಿಸಿತು; ತೆತ್ತು ಬಂದವನಾದರೋ ಒಂದೇ ಬಟ್ಟಲಿನ ಮೇಲೆ ಇಡೀ ಮಧ್ಯಾಹ್ನ ಕುಳಿತನು. ಕಾಫಿಯನ್ನು ಮಾರಲು ಹೊರಟವನಲ್ಲ ತೇಯ್. ಆತ ಮಾರಿದ್ದು ಆಸನವನ್ನು. ಆದರೆ ಆಸನದ ಬೆಲೆಯನ್ನು ಕಾಫಿಯ ಬೆಲೆಯೊಳಗೆ ಸೇರಿಸುವ ಧೈರ್ಯ ಅವನಿಗಿರಲಿಲ್ಲ, ಸೇರಿಸಿದ್ದರೆ ಆತ ಯಾರಿಗಾಗಿ ಬಾಗಿಲು ತೆರೆದಿದ್ದನೋ ಅವರು ಬರುತ್ತಲೇ ಇರಲಿಲ್ಲ. ವ್ಯಾಪಾರ ನಾಲ್ಕು ವರ್ಷ ಕುಂಟಿತು. ನಷ್ಟ ತುಂಬಿಕೊಳ್ಳಲು ಷೇರುಪೇಟೆಯ ಸಟ್ಟಾ ವ್ಯವಹಾರಕ್ಕೆ ಕೈಯಿಟ್ಟು ಅಲ್ಲಿಯೂ ಸೋತ ತೇಯ್, 1892ರಲ್ಲಿ ಮನೆ ಮುಚ್ಚಿ, ಹೆಸರು ಬದಲಿಸಿಕೊಂಡು ದೇಶವನ್ನೇ ಬಿಟ್ಟು ಹೋದನು. ಆತ ಹಡಗಿಳಿದದ್ದು ಸಿಯಾಟಲ್ ನಗರದಲ್ಲಿ. ದುಭಾಷಿಗಳ ಮನೆತನದ ಆ ಮನುಷ್ಯ ಅಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡಿಕೊಂಡಿದ್ದು, ನಲವತ್ತು ತುಂಬುವ ಮೊದಲೇ ತೀರಿಕೊಂಡನು.

ಒಂದು ಶತಮಾನ ಕಳೆದ ಮೇಲೆ ಅದೇ ಸಿಯಾಟಲ್ ನಗರದಿಂದಲೇ ಗಿನ್ಜಾಕ್ಕೆ ಕಾಫಿ ಅಂಗಡಿಯೊಂದು ಬಂದುದು ಕಾಕತಾಳೀಯವೆಂಬುದನ್ನು ಬಲ್ಲೆ. ಕಾಕತಾಳೀಯಗಳಿಂದ ಇತಿಹಾಸವನ್ನು ಕಟ್ಟಲಾಗದು. ಆದರೂ ಆ ಹಸಿರು ಲಾಂಛನದ ಕೆಳಗೆ ಕುಳಿತವನು ತೇಯ್‌ನ ಹೆಸರನ್ನು ಒಮ್ಮೆ ನೆನೆಯಬೇಕೆಂಬುದು ನನ್ನ ಆಸೆ. ಉಯೆನೋದಲ್ಲಿ ಆತನ ಮನೆ ನಿಂತಿದ್ದ ಸ್ಥಳವನ್ನು ಗುರುತಿಸುವ ಸ್ಮಾರಕವೂ ಈಗ ಇದೆ.

ತೇಯ್‌ನ ಕಾಫಿ ಮನೆ ತೆರೆದ ಮರುತಿಂಗಳು, 1888ರ ಮೇ 13ರಂದು, ಭೂಗೋಳದ ಆಚೆಯ ಮಗ್ಗುಲಿನಲ್ಲಿ ಬ್ರೆಜಿಲ್ ದೇಶವು ಗುಲಾಮಗಿರಿಯನ್ನು ರದ್ದುಪಡಿಸಿತು. ಈ ಎರಡನೆಯ ಘಟನೆಯೇ ಜಪಾನಿನ ಕಾಫಿಯ ಭವಿಷ್ಯವನ್ನು ಹೆಚ್ಚಾಗಿ ನಿರ್ಧರಿಸಿತೆಂದರೆ ಉತ್ಪ್ರೇಕ್ಷೆಯಾಗದು. ಸಾವೊ ಪಾವ್ಲೊ ಪ್ರಾಂತದ ವಿಶಾಲವಾದ ಕಾಫಿ ತೋಟಗಳಿಗೆ ಗುಲಾಮರ ಬದಲು ಕೂಲಿಯಾಳುಗಳು ಬೇಕಾದರು. ಮೊದಲು ಇಟಲಿಯಿಂದ ಬಂದರು. ತೋಟಗಳಲ್ಲಿ ತನ್ನ ಪ್ರಜೆಗಳು ಪಡುತ್ತಿದ್ದ ಪಾಡನ್ನು ಕೇಳಿ ಇಟಲಿಯ ಸರ್ಕಾರ 1902ರಲ್ಲಿ ಆ ಬಗೆಯ ವಲಸೆಯನ್ನು ತಡೆಯಿತು. ಆಗ ಜಪಾನಿನತ್ತ ಕಣ್ಣು ಹೊರಳಿತು. ಮಿಜುನೋ ರ್ಯೋ ಎಂಬಾತನ ವಲಸೆ ಕಂಪನಿಯು ಕೂಡಿಸಿದ 781 ಮಂದಿ ಕರಾರಿನ ಕೂಲಿಗಳನ್ನು ಹೊತ್ತ ಕಸಾತೊ ಮಾರು ಎಂಬ ಹಡಗು 1908ರ ಏಪ್ರಿಲ್ 28ರಂದು ಕೋಬೆ ಬಂದರನ್ನು ಬಿಟ್ಟು ಜೂನ್ 18ರಂದು ಸಾಂತೋಸ್ ಬಂದರನ್ನು ಸೇರಿತು. ಕಾಫಿಯ ಗಿಡದಲ್ಲಿ ಚಿನ್ನ ಬಿಡುತ್ತದೆಂಬ ಭರವಸೆಯನ್ನು ನಂಬಿ ಹೋದ ಆ ರೈತಮಕ್ಕಳಲ್ಲಿ ಅನೇಕರು, ಸಂಬಳವು ತೋಟದ ಅಂಗಡಿಯ ಸಾಲಕ್ಕೇ ಸಾಲದೆ, ಕರಾರು ಮುಗಿಯುವ ಮುನ್ನವೇ ತೋಟ ತೊರೆದು ಓಡಿದರು.

ಅದೇ ಕಾಲದಲ್ಲಿ ಬ್ರೆಜಿಲಿನಲ್ಲಿ ಕಾಫಿ ಮಿತಿಮೀರಿ ಬೆಳೆದು ಬೆಲೆ ಕುಸಿದಿತ್ತು. ಮಿಗಿಲಾದ ಕಾಫಿಗೆ ಹೊಸ ಪೇಟೆ ಬೇಕಿತ್ತು. ಆಳುಗಳನ್ನು ತಂದುಕೊಟ್ಟ ಮಿಜುನೋಗೆ ಪ್ರತಿಫಲವೂ ಸಲ್ಲಬೇಕಿತ್ತು. ಎರಡೂ ಸೇರಿ ಸಾವೊ ಪಾವ್ಲೊದ ಸರ್ಕಾರ ಅವನಿಗೆ ವರ್ಷವರ್ಷವೂ ಉಚಿತವಾಗಿ ಕಾಫಿ ಬೀಜವನ್ನು ಕಳುಹಿಸಲೊಪ್ಪಿತು. ಆ ಬೀಜದಿಂದ ಹುಟ್ಟಿದ್ದು 1911ರ ಡಿಸೆಂಬರಿನಲ್ಲಿ ಗಿನ್ಜಾದಲ್ಲಿ ತೆರೆದ ಕೆಫೆ ಪಾವ್ಲಿಸ್ತಾ. ನೌಕಾದಳದವರ ಮಾದರಿಯ ಬಿಳಿಯ ಸಮವಸ್ತ್ರ ತೊಟ್ಟ ಹುಡುಗರು ದಪ್ಪ ಅಂಚಿನ ಬಿಳಿ ಬಟ್ಟಲುಗಳಲ್ಲಿ ಕಾಫಿ ತಂದಿಡುತ್ತಿದ್ದರು. ಬೆಲೆ ಐದು ಸೆನ್, ಅಕ್ಕಪಕ್ಕದ ಶ್ರೀಮಂತ ಕೆಫೆಗಳಿಗಿಂತ ಬಹಳ ಅಗ್ಗ. ವಿದ್ಯಾರ್ಥಿಗಳು, ಪತ್ರಿಕೆಯವರು, ಅಕುತಾಗಾವಾ ರ್ಯೂನೋಸುಕೆಯಂಥ ಸಾಹಿತಿಗಳು, ಸ್ತ್ರೀಸ್ವಾತಂತ್ರ್ಯಕ್ಕಾಗಿ ಬರೆಯುತ್ತಿದ್ದ ತರುಣಿಯರು ಎಲ್ಲರೂ ಅಲ್ಲಿ ಕೂಡಿದರು. ತೇಯ್ ಕಂಡಿದ್ದ ಕನಸು ಇಪ್ಪತ್ತಮೂರು ವರ್ಷಗಳ ಮೇಲೆ ನಿಜವಾಯಿತು. ಅಷ್ಟೇ ಅಲ್ಲದೆ, ಪಾವ್ಲಿಸ್ತಾ ಹಲವು ನಗರಗಳಲ್ಲಿ ಶಾಖೆಗಳನ್ನು ತೆರೆಯಿತು. ಒಂದೂರಿನಲ್ಲಿ ಕುಡಿದವನು ಮತ್ತೊಂದೂರಿಗೆ ಹೋದಾಗ ಅದೇ ಹೆಸರನ್ನೂ ಅದೇ ಬಟ್ಟಲನ್ನೂ ಅದೇ ಬೆಲೆಯನ್ನೂ ಕಂಡು ನಿಶ್ಚಿಂತೆಯಿಂದ ಒಳಹೊಕ್ಕನು. ಪರದೇಶದ ಹೆಸರು ಹೊತ್ತ ಸರಣಿ ಅಂಗಡಿಯೆಂಬುದು ಆ ನಾಡಿಗೆ 1996ರಲ್ಲಿ ಬಂದ ಹೊಸತಲ್ಲ.

ಆದರೆ ಐದು ಸೆನ್ನಿಗೆ ಆ ಆಸನವನ್ನು ಕೊಡಲು ಸಾಧ್ಯವಾದದ್ದು ಬೀಜಕ್ಕೆ ಬೆಲೆಯಿರಲಿಲ್ಲವೆಂಬುದರಿಂದ. ಬೀಜಕ್ಕೆ ಬೆಲೆಯಿಲ್ಲದಾದದ್ದು ಅದನ್ನು ಬಿಡಿಸಿದವರ ಬೆವರಿಗೆ ಬೆಲೆಯಿಲ್ಲದ್ದರಿಂದ. ಗಿನ್ಜಾದಲ್ಲಿ ಕುಳಿತು ಹೊಸ ಕಾಲದ ಬಗೆಗೆ ವಾದಿಸುತ್ತಿದ್ದ ತರುಣನ ಕುರ್ಚಿಯ ಬಾಡಿಗೆಯನ್ನು, ಅವನ ದೇಶದವರೇ ಆದ, ಅವನೆಂದೂ ಕಾಣದ ಜನ ಸಾವೊ ಪಾವ್ಲೊದ ಕೆಮ್ಮಣ್ಣಿನಲ್ಲಿ ನಿಂತು ತೆರುತ್ತಿದ್ದರು. ಕಾಫಿ ಬೆಳೆಯುವ ನಾಡಿನವರಾದ ನಾವು ಇದನ್ನು ಬೇರೆಯವರಿಗಿಂತ ಬೇಗ ಅರಿಯಬಲ್ಲೆವು. ಚಿಕ್ಕಮಗಳೂರು ಕೊಡಗುಗಳ ಇಳಿಜಾರಿನಲ್ಲಿ ಕಾಫಿ ಹಣ್ಣು ಕೆಂಪಾಗುವ ಚಳಿಗಾಲದ ತಿಂಗಳುಗಳಲ್ಲಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಬೆಳಗಿನ ಇಬ್ಬನಿಯಲ್ಲಿ ತೋಯ್ದ ರೆಂಬೆಗಳನ್ನು ಬಗ್ಗಿಸಿ ಹಣ್ಣು ಬಿಡಿಸುವ ಹೆಣ್ಣಾಳುಗಳನ್ನೂ, ಸಂಜೆ ಅಳತೆಯ ಹೊತ್ತಿಗೆ ಮೂಟೆಯ ತೂಕವನ್ನು ಕಾತರದಿಂದ ನೋಡುವ ಅವರ ಮುಖವನ್ನೂ ಕಂಡವರಿಗೆ, ಅಗ್ಗದ ಕಾಫಿಯೆಂಬುದು ಎಲ್ಲಿಯೂ ನಿಜವಾಗಿ ಅಗ್ಗವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

1923ರ ಸೆಪ್ಟೆಂಬರ್ 1ರ ಮಹಾಭೂಕಂಪವೂ ಅದರ ಬೆನ್ನಿಗೆ ಬಂದ ಅಗ್ನಿಯೂ ಟೋಕಿಯೋವನ್ನು ನೆಲಸಮ ಮಾಡಿದಾಗ ಗಿನ್ಜಾದ ಪಾವ್ಲಿಸ್ತಾವೂ ಹೋಯಿತು. ತರುವಾಯದ ವರ್ಷಗಳಲ್ಲಿ ಕೆಫೆಯೆಂಬ ಹೆಸರು ಮದ್ಯದ ಮತ್ತು ಪರಿಚಾರಿಕೆಯರ ಆಕರ್ಷಣೆಯ ಮನೆಗಳಿಗೆ ಅಂಟಿಕೊಂಡಿತು. ಅವುಗಳಿಂದ ತಮ್ಮನ್ನು ಬೇರ್ಪಡಿಸಿಕೊಳ್ಳಲು, ಕಾಫಿ ಮತ್ತು ಸಂಗೀತ ಇವೆರಡನ್ನೇ ನೆಚ್ಚಿದ ಅಂಗಡಿಗಳು ತಾವು ಶುದ್ಧ ಕಿಸ್ಸಾತೆನ್‌ಗಳೆಂದು, ಎಂದರೆ ಅಪ್ಪಟ ಕಾಫಿ ಮನೆಗಳೆಂದು, ಹೇಳಿಕೊಂಡವು. ಆಸನಕ್ಕೆ ಇಲ್ಲಿ ಹೊಸ ಅರ್ಥ ಬಂದಿತು. ಶಿಬುಯಾದಲ್ಲಿ 1926ರಲ್ಲಿ ಆರಂಭವಾದ ಲಯನ್ ಎಂಬ ಮನೆಯಲ್ಲಿ ಕುರ್ಚಿಗಳೆಲ್ಲವೂ, ದೇವಾಲಯದ ಗರ್ಭಗೃಹಕ್ಕೆ ಅಭಿಮುಖವಾಗಿ ಕುಳಿತ ಭಕ್ತರಂತೆ, ಒಂದು ಗೋಡೆಯೆತ್ತರದ ಧ್ವನಿವರ್ಧಕಕ್ಕೆ ಎದುರಾಗಿವೆ. ಮಾತನಾಡುವುದು ಅಲ್ಲಿ ನಿಷಿದ್ಧ. ಪಾಶ್ಚಾತ್ಯ ಸಂಗೀತದ ಒಂದು ಧ್ವನಿಮುದ್ರಿಕೆಯನ್ನು ಕೊಳ್ಳುವ ಶಕ್ತಿ ಸಾಧಾರಣ ವಿದ್ಯಾರ್ಥಿಗೆ ಇರಲಿಲ್ಲ. ಒಂದು ಬಟ್ಟಲಿನ ಬೆಲೆಗೆ ಆತ ಬೇಥೋವನ್ನನ್ನು ಕೇಳಿ ಹೋಗಬಹುದಾಗಿತ್ತು. ಕ್ಯೋಟೋದಲ್ಲಿ ವಿಶ್ವವಿದ್ಯಾಲಯದ ಎದುರಿಗೆ 1930ರಲ್ಲಿ ತೆರೆದ ಶಿನ್‌ಶಿಂದೋದಲ್ಲಿ, ಮುಂದೆ ರಾಷ್ಟ್ರದ ಮನ್ನಣೆ ಪಡೆದ ಮರದ ಕುಶಲಿ ಕುರೋದಾ ತತ್ಸುಆಕಿ ಮಾಡಿಕೊಟ್ಟ ಉದ್ದನೆಯ ಭಾರದ ಮೇಜುಗಳಿವೆ. ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳ ಮುಂಗೈ ಉಜ್ಜಿ ಉಜ್ಜಿ ಅವುಗಳ ಅಂಚು ನುಣುಪಾಗಿ ಹೊಳೆಯುತ್ತದೆ. ಇಕ್ಕಟ್ಟಾದ ಬಾಡಿಗೆ ಕೋಣೆಯಲ್ಲಿ ಓದಲಾಗದ ಹುಡುಗನಿಗೆ ಆ ಮೇಜು ವಾಚನಾಲಯವೂ ಹೌದು, ನಡುಮನೆಯೂ ಹೌದು.

ಯುದ್ಧ ಬಂದಿತು. ಕಾಫಿ ಭೋಗವಸ್ತುವೆನಿಸಿ ಆಮದು ನಿಂತುಹೋಯಿತು. ಸೋಯಾ ಅವರೆಯನ್ನೂ ಗೆಡ್ಡೆಗಳನ್ನೂ ಹುರಿದು ಕುದಿಸಿ ಅದನ್ನೇ ಕಾಫಿಯೆಂದು ಕುಡಿದರು. ಬೀಜದ ಆಮದು ಮತ್ತೆ ಆರಂಭವಾದದ್ದು 1950ರಲ್ಲಿ.

ಅದಕ್ಕೂ ಎರಡು ವರ್ಷ ಮೊದಲೇ, 1948ರಲ್ಲಿ, ಸೆಕಿಗುಚಿ ಇಚಿರೋ ಎಂಬುವರು ಗಿನ್ಜಾದಲ್ಲಿ ಕೆಫೆ ದ ಲಾಂಬ್ರ್ ಎಂಬ ಪುಟ್ಟ ಕಾಫಿ ಮನೆಯನ್ನು ತೆರೆದರು. 1914ರಲ್ಲಿ ಹುಟ್ಟಿದ ಅವರು ತಮ್ಮ 103ನೆಯ ವಯಸ್ಸಿನಲ್ಲಿ, 2018ರಲ್ಲಿ ಕಾಲವಾದರು. ನೂರು ದಾಟಿದ ಮೇಲೂ ಅಂಗಡಿಗೆ ಬರುತ್ತಿದ್ದರು. ಅಲ್ಲಿ ದೊರೆಯುವುದು ಕಾಫಿ ಮಾತ್ರ, ತಿಂಡಿ ತೀರ್ಥಗಳಿಲ್ಲ. ಹಸಿ ಬೀಜವನ್ನು ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಹಳೆಯದಾಗಲು ಬಿಟ್ಟು ಆಮೇಲೆ ಹುರಿಯುವುದು ಆ ಮನೆಯ ವಿಶೇಷ. ಸೋಸುವುದಕ್ಕೆ ಕಾಗದವಿಲ್ಲ, ಫ್ಲಾನೆಲ್ ಬಟ್ಟೆಯ ಜೋಳಿಗೆ. ಕಾಫಿ ಮಾಡುವವನು ಅದರ ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಪಾತ್ರೆಯ ಸಣ್ಣ ಮೂತಿಯಿಂದ ನೂಲಿನಷ್ಟು ಸಪೂರವಾದ ಬಿಸಿನೀರಿನ ಧಾರೆಯನ್ನು ಪುಡಿಯ ನಡುವೆ ಬಿಡುತ್ತಾನೆ. ಮೊದಲ ನೀರಿಗೆ ಪುಡಿ ಮೆಲ್ಲನೆ ಉಬ್ಬುತ್ತದೆ. ಉಬ್ಬು ಇಳಿಯುವ ತನಕ ಕಾದು, ಧಾರೆಯನ್ನು ಅಲುಗಾಡಿಸದೆ ಜೋಳಿಗೆಯನ್ನೇ ಹಗುರವಾಗಿ ತಿರುಗಿಸುತ್ತ ಮತ್ತೆ ಬಿಡುತ್ತಾನೆ. ಕೆಳಗಿನ ಪಾತ್ರೆಗೆ ಹನಿಹನಿಯಾಗಿ ಇಳಿಯುವುದು ನಮ್ಮ ಮನೆಗಳ ಮೊದಲ ಡಿಕಾಕ್ಷನ್ನಿನಷ್ಟೇ ಗಟ್ಟಿಯಾದ ಕಪ್ಪು ರಸ. ಇಷ್ಟು ಹೊತ್ತೂ ಆತ ತಲೆಯೆತ್ತುವುದಿಲ್ಲ, ಎದುರಿಗೆ ಕುಳಿತವರೂ ಅವಸರಪಡಿಸುವುದಿಲ್ಲ. ಇಂಥ ಮನೆಗಳಲ್ಲಿ ಒಂದು ಬಟ್ಟಲಿನ ಬೆಲೆ ಹೆಚ್ಚು, ಹೆಚ್ಚಾಗಲೇಬೇಕು. ಆಸನದ ಬೆಲೆಯ ಜೊತೆಗೆ ಒಬ್ಬ ಮನುಷ್ಯನ ಕೈಯ ಬೆಲೆಯೂ ಅದರಲ್ಲಿ ಸೇರಿತು. ತೇಯ್ ಎಲ್ಲಿ ಸೋತನೋ ಅಲ್ಲಿ ಯುದ್ಧಾನಂತರದ ಕಿಸ್ಸಾತೆನ್ ಗೆದ್ದದ್ದು ಈ ಬೆಲೆಯನ್ನು ಬಹಿರಂಗವಾಗಿ ಕೇಳಿ, ಅದಕ್ಕೆ ತಕ್ಕುದನ್ನು ಕೊಟ್ಟುದರಿಂದ.

1981ರಲ್ಲಿ ಜಪಾನಿನಲ್ಲಿ ಕಿಸ್ಸಾತೆನ್‌ಗಳ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿತ್ತು. ಅದೇ ಶಿಖರ, ಅಲ್ಲಿಂದ ಮುಂದೆ ಇಳಿಜಾರು. ಮೂವತ್ತು ವರ್ಷಗಳಲ್ಲಿ ಅದು ಅರ್ಧಕ್ಕಿಂತ ಕೆಳಗೆ, ಸುಮಾರು ಎಪ್ಪತ್ತು ಸಾವಿರಕ್ಕೆ ಇಳಿಯಿತು. ನೆಲದ ಬೆಲೆ ಏರಿತು, ಯಜಮಾನರು ಮುದುಕರಾದರು, ಮಕ್ಕಳು ಬೇರೆ ಕೆಲಸ ಹಿಡಿದರು. ಇಳಿಯುವ ಸೂಚನೆ ಒಂದು ವರ್ಷ ಮೊದಲೇ ಕಂಡಿತ್ತು. ಪ್ಯಾರಿಸಿನಲ್ಲಿ ಜನ ಕಛೇರಿಗೆ ಹೋಗುವ ದಾರಿಯಲ್ಲಿ ಕಟ್ಟೆಗೆ ಒರಗಿ ನಿಂತೇ ಕಾಫಿ ಕುಡಿಯುವುದನ್ನು ನೋಡಿ ಬಂದಿದ್ದ ತೊರಿಬಾ ಹಿರೊಮಿಚಿ ಎಂಬ ವ್ಯಾಪಾರಿ, 1980ರಲ್ಲಿ ಹರಾಜುಕುವಿನಲ್ಲಿ ದೊತೋರ್ ಎಂಬ ಅಂಗಡಿಯನ್ನು ತೆರೆದು, ಒಂದು ಬಟ್ಟಲಿಗೆ 150 ಯೆನ್ ಬೆಲೆಯಿಟ್ಟರು. ಬೇರೆಡೆಯ ಬೆಲೆಯ ಸುಮಾರು ಅರ್ಧ. ಅವರು ಮಾಡಿದ್ದು ಸರಳ: ಕುರ್ಚಿಯನ್ನು ತೆಗೆದರು, ಕುರ್ಚಿಯ ಬೆಲೆಯನ್ನೂ ತೆಗೆದರು. ಬೆಂಗಳೂರಿನ ದರ್ಶಿನಿಗಳನ್ನು ಬಲ್ಲವರಿಗೆ ಈ ಲೆಕ್ಕಾಚಾರ ಹೊಸದಾಗಿ ಕಾಣದು.

ಸ್ಟಾರ್‌ಬಕ್ಸ್‌ನ ಕಥೆಯೂ ಇಂಥದೇ ಒಂದು ನಿಲುವಿನಿಂದ ಆರಂಭವಾದದ್ದೆಂಬುದು ಅನೇಕರಿಗೆ ತಿಳಿದಿರಲಾರದು. 1971ರಲ್ಲಿ ಸಿಯಾಟಲ್‌ನಲ್ಲಿ ಮೂವರು ಗೆಳೆಯರು ಆರಂಭಿಸಿದ ಆ ಅಂಗಡಿಯಲ್ಲಿ ಹುರಿದ ಬೀಜವನ್ನು ಮಾರುತ್ತಿದ್ದರೇ ಹೊರತು ಕುಳಿತು ಕುಡಿಯುವ ಏರ್ಪಾಡಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಹೋವರ್ಡ್ ಶುಲ್ಟ್ಸ್ 1983ರಲ್ಲಿ ಇಟಲಿಯ ಮಿಲಾನಿಗೆ ಹೋದಾಗ ಅಲ್ಲಿನ ಎಸ್ಪ್ರೆಸ್ಸೊ ಬಾರ್‌ಗಳಿಗೆ ಮನಸೋತರು. ಇಟಲಿಯಲ್ಲಿ ಕಟ್ಟೆಯ ಬಳಿ ನಿಂತು ಕುಡಿಯುವವನಿಗೆ ಒಂದು ದರ, ಮೇಜಿಗೆ ತರಿಸಿಕೊಂಡು ಕುಳಿತು ಕುಡಿಯುವವನಿಗೆ ಅದಕ್ಕಿಂತ ಹೆಚ್ಚಿನ ದರ. ಆಸನದ ಬೆಲೆಯನ್ನು ಇಷ್ಟು ಪ್ರಾಮಾಣಿಕವಾಗಿ ಬೇರ್ಪಡಿಸಿ ಹೇಳುವ ದೇಶ ಇನ್ನೊಂದನ್ನು ನಾನರಿಯೆ. ಅದನ್ನು ಅನುಕರಿಸಿ ಶುಲ್ಟ್ಸ್ 1986ರಲ್ಲಿ ಇಲ್ ಜೊರ್ನಾಲೆ ಎಂಬ ಸ್ವಂತ ಅಂಗಡಿಯನ್ನು ತೆರೆದಾಗ ಅಲ್ಲಿ ಇಟಲಿಯ ಒಪೆರಾ ಸಂಗೀತವಿತ್ತು, ಕುರ್ಚಿಗಳಿರಲಿಲ್ಲ. ಗಿರಾಕಿಗಳು ಕುರ್ಚಿ ಬೇಕೆಂದರು, ಕುರ್ಚಿ ಬಂದವು. ಮರುವರ್ಷ ಹಳೆಯ ಸಂಸ್ಥೆಯನ್ನೇ ಕೊಂಡು ಅದರ ಹೆಸರಿಟ್ಟುಕೊಂಡು ಅವರು ಊರೂರಿಗೆ ಒಯ್ದದ್ದು, ಮಿಲಾನಿನ ನಿಂತು ಕುಡಿಯುವ ಕಾಫಿಗೆ ಅಮೆರಿಕದ ಕುರ್ಚಿಯನ್ನು ಜೋಡಿಸಿದ ಈ ಮಿಶ್ರರೂಪವನ್ನು.

ಗಿನ್ಜಾಕ್ಕೆ ಬರುವಾಗ ಅವರಿಗೆ ಎಚ್ಚರಿಕೆ ಹೇಳಿದವರು ಬಹಳ. ಹೊಗೆ ಸೇದಲು ಬಿಡದ ಕಾಫಿ ಮನೆ ಜಪಾನಿನಲ್ಲಿ ಬದುಕದು, ಬೀದಿಯಲ್ಲಿ ಲೋಟ ಹಿಡಿದು ನಡೆಯುವುದನ್ನು ಆ ಜನ ಅಸಭ್ಯವೆಂದು ಭಾವಿಸುತ್ತಾರೆ, ಬಾಡಿಗೆಯೇ ನುಂಗಿಬಿಡುತ್ತದೆ ಎಂದು. ಆಗಿನ ಕಿಸ್ಸಾತೆನ್‌ಗಳಲ್ಲಿ ಸಿಗರೇಟಿನ ಹೊಗೆ ಕಾಫಿಯಷ್ಟೇ ಅನಿವಾರ್ಯವಾಗಿದ್ದುದು ನಿಜ. ನಡೆದದ್ದು ಬೇರೆ. ಆಗಸ್ಟಿನ ಸುಡುಬಿಸಿಲಿನಲ್ಲಿ ಜನ ಸಾಲುಗಟ್ಟಿ ನಿಂತರು. ಹೊಗೆಯಿಲ್ಲದ ಅಂಗಡಿಗೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ನಿಸ್ಸಂಕೋಚವಾಗಿ ಬಂದು ಕುಳಿತರು; ಈ ಒಂದು ಬದಲಾವಣೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ದೊತೋರ್ ತೆಗೆದುಹಾಕಿದ್ದ ಕುರ್ಚಿ ಮರಳಿತು. ಮರಳದೆ ಹೋದವನು ಯಜಮಾನ. ಕಟ್ಟೆಯ ಹಿಂದೆ ನಿಂತು, ಯಾರಿಗೆ ಎಂಥ ಹುರಿ ಇಷ್ಟ, ಯಾರ ಮಗನಿಗೆ ಕೆಲಸ ಸಿಕ್ಕಿತು ಎಂಬುದನ್ನೆಲ್ಲ ಬಲ್ಲ ಆ ಒಬ್ಬ ಮನುಷ್ಯನ ಕೈಯ ಬೆಲೆಯನ್ನು ಯಂತ್ರವು ಉಳಿಸಿತು, ಉಳಿತಾಯವು ಕುರ್ಚಿಯ ಬಾಡಿಗೆಗೆ ಸಂದಿತು.

ಅದೇ 1996ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆಯಿತು. ಕಾಫಿ ಬೆಳೆಗಾರನು ತನ್ನ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ದಶಕಗಳ ಕಟ್ಟಳೆ ತೊಲಗಿದ ಕಾಲ ಅದು. ಚಿಕ್ಕಮಗಳೂರಿನ ತೋಟಗಾರ ಮನೆತನದ ವಿ. ಜಿ. ಸಿದ್ಧಾರ್ಥರು ತೋಟದಿಂದ ನೇರವಾಗಿ ಬಟ್ಟಲಿಗೆ ಬಂದರು. ಅಲ್ಲಿಯೂ ಮೊದಮೊದಲು ತರುಣರು ಬಂದದ್ದು ಕಾಫಿಗಿಂತ ಹೆಚ್ಚಾಗಿ ಅಂತರ್ಜಾಲದ ಮುಂದೆ ಕುಳಿತುಕೊಳ್ಳುವುದಕ್ಕೆ. ಸ್ಟಾರ್‌ಬಕ್ಸ್ ಭಾರತಕ್ಕೆ ಬಂದದ್ದು ಬಹಳ ತಡವಾಗಿ, 2012ರಲ್ಲಿ, ಮುಂಬಯಿಗೆ. ಟಾಟಾ ಸಂಸ್ಥೆಯ ಸಹಯೋಗದಿಂದ, ನಮ್ಮ ದೇಶದಲ್ಲೇ ಹುರಿದ ಬೀಜದೊಡನೆ.

ಜಪಾನಿನಲ್ಲಾದರೋ, ತಾನಿನ್ನೂ ಮುಟ್ಟದೆ ಉಳಿದಿದ್ದ ಕೊನೆಯ ಪ್ರಾಂತವಾದ ತೊತ್ತೋರಿಯನ್ನು ಸ್ಟಾರ್‌ಬಕ್ಸ್ 2015ರಲ್ಲಿ ತಲುಪಿತು. ಅದಾದ ಎರಡು ವರ್ಷಕ್ಕೆ, ಕ್ಯೋಟೋದ ಕಿಯೊಮಿಜು ದೇವಾಲಯಕ್ಕೆ ಹತ್ತುವ ನಿನೆನ್‌ಜಾಕಾ ಎಂಬ ಕಲ್ಲುಮೆಟ್ಟಿಲಿನ ಓಣಿಯಲ್ಲಿ, ನೂರು ವರ್ಷಕ್ಕೂ ಹಳೆಯದಾದ ಮರದ ಮಾಳಿಗೆ ಮನೆಯೊಂದರಲ್ಲಿ ಇನ್ನೊಂದು ಶಾಖೆ ತೆರೆಯಿತು. ಪುರಾತನ ಕಟ್ಟಡಗಳನ್ನು ಸಂರಕ್ಷಿಸಿರುವ ಪ್ರದೇಶ ಅದು. ಕಣ್ಣು ಕುಕ್ಕುವ ಫಲಕವಿಲ್ಲ, ಬಾಗಿಲಿಗೆ ನೇತುಬಿಟ್ಟ ಕಡುನೀಲಿ ಬಟ್ಟೆಯ ಮೇಲೆ ಲಾಂಛನ. ಓಣಿಯ ನೆಮ್ಮದಿ ಕೆಡದಿರಲೆಂದು ಹೊರಗೆ ಸಾಲು ನಿಲ್ಲುವಂತಿಲ್ಲ. ಮಹಡಿಯಲ್ಲಿ ತತಾಮಿ ಚಾಪೆ ಹಾಸಿದ ಕೋಣೆಗಳು. ಪಾದರಕ್ಷೆ ಕಳಚಿಟ್ಟು, ನೆಲದ ಮೇಲಿನ ಮೆತ್ತೆಯಲ್ಲಿ ಮಂಡಿ ಮಡಿಸಿ ಕೂರಬೇಕು, ಕುರ್ಚಿಯೇ ಇಲ್ಲ. ಸೋಗಿನ ಅಲಂಕಾರವಷ್ಟೇ ಇರಬಹುದೆಂಬ ಸಂಶಯದಿಂದಲೇ ನಾನು ಮೆಟ್ಟಿಲು ಹತ್ತಿದೆ. ಆದರೆ ಅಲ್ಲಿ ಒಬ್ಬ ಅಜ್ಜಿ, ನಡು ಬಾಗದೆ ಮಂಡಿಯೂರಿ, ಕಾಗದದ ಲೋಟವನ್ನು ಚಹದ ಬಟ್ಟಲಿನಂತೆ ಎರಡೂ ಅಂಗೈಗಳಲ್ಲಿ ಎತ್ತಿಕೊಂಡು ಕುಡಿಯುತ್ತಿದ್ದುದನ್ನು ನೋಡಿದ ಮೇಲೆ, ನನ್ನ ಆ ತೀರ್ಮಾನ ಬಹಳ ಅವಸರದ್ದೆಂದು ತಿಳಿಯಿತು. ಹಿಂದೆ ದಾರಿಹೋಕರು ಕುಳಿತು ಚಹ ಕುಡಿದು ಮುಂದೆ ಹತ್ತುತ್ತಿದ್ದ ಆ ಓಣಿ, ಬಂದ ಅತಿಥಿಗೆ ತನ್ನಂತೆ ಕುಳಿತುಕೊಳ್ಳುವುದನ್ನು ಕಲಿಸಿದೆ.

ಆದ್ದರಿಂದ ಪರದೇಶದಲ್ಲಿ ಪರಿಚಿತ ಅಂಗಡಿಯ ಬಾಗಿಲು ದೂಡುವವರನ್ನು ನಾನು ತಡೆಯಲಾರೆ. ಟೋಕಿಯೋಕ್ಕೆ ಹೋಗುವ ಕನ್ನಡಿಗರು ಮತ್ಸುಯಾ ಬೀದಿಯಲ್ಲಿ ಅಗತ್ಯವಾಗಿ ಕುಳಿತುಕೊಳ್ಳಲಿ, ಕಾಲಿನ ನೋವು ಇಳಿಯುವವರೆಗೆ ಕುಳಿತಿರಲಿ, ಯಾರೂ ಏಳಿಸುವುದಿಲ್ಲ. ಅನಂತರ ಗಿನ್ಜಾದ ಮುಖ್ಯ ಬೀದಿಯಲ್ಲಿ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ 8ನೆಯ ವಿಭಾಗ ಬರುತ್ತದೆ. ಮಿಜುನೋನ ಪಾವ್ಲಿಸ್ತಾದ ಹೆಸರನ್ನು ಉಳಿಸಿಕೊಂಡಿರುವ ಮನೆಯೂ ಸೆಕಿಗುಚಿಯವರ ಮನೆಯೂ ಅಲ್ಲಿ ಒಂದಕ್ಕೊಂದು ಸಮೀಪದಲ್ಲಿವೆ. ಸೆಕಿಗುಚಿಯವರ ಮನೆಯಲ್ಲಿ ಕಟ್ಟೆಯ ಎದುರಿನ ಸ್ಥಾನ ಖಾಲಿಯಿದ್ದರೆ ಅಲ್ಲೇ ಕುಳಿತುಕೊಳ್ಳಬೇಕು. ಹಳೆಯ ಬೀಜದ ಕಾಫಿಯನ್ನು ಕೇಳಬೇಕು. ಫ್ಲಾನೆಲ್ ಜೋಳಿಗೆ ತಿರುಗುವುದನ್ನು ನೋಡುತ್ತ ಕಾಯಬೇಕು. ಬಟ್ಟಲು ಎದುರಿಗೆ ಬಂದ ಮೇಲೆ ನಮ್ಮ ವಾಡಿಕೆಯ ಹಾಲು ಸಕ್ಕರೆಗಳಿಗೆ ಕೈಚಾಚದೆ, ಮೊದಲ ಗುಟುಕನ್ನು ಇದ್ದಂತೆಯೇ ಕುಡಿದು ನೋಡಬೇಕು.